ಕರಿಗುಡ್ಡ ಯಾರಿಗೆ ಇಷ್ಟ?

"ಕರಿಗುಡ್ಡ ಅಂದ್ರೆ ನಂಗೆ ಪ್ರಾಣ ಮೇಡಂ," ಎಂದ ಹುಡುಗ.

ಡಾಕ್ಟರ್ ನೀಲಾಂಬಿಕಾ ಬಿರಾದಾರ ಕನ್ನಡಕ ಮೂಗಿನ ಮೇಲಕ್ಕೆ ತಳ್ಳಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಗರಿಗರಿ ಅಂಗಿ, ನೀಟಾಗಿ ಬಾಚಿದ ತಲೆ, ಹಣೆಗೆ ಸುತ್ತಿದ ಬೂದು ಬಣ್ಣದ ಪಟ್ಟಿ. ಪಟ್ಟಿಯ ತಂತಿ ಮೇಜಿನ ಮೇಲಿದ್ದ ಪೆಟ್ಟಿಗೆಗೆ ಹೋಗಿತ್ತು. ಪೆಟ್ಟಿಗೆಯ ಮೇಲೆ ಹಸಿರು ದೀಪ ಹೊತ್ತಿ ಕೂತಿತ್ತು. ಅಲ್ರೀ, ಕರಿಗುಡ್ಡದಲ್ಲಿ ಹುಟ್ಟಿ ಬೆಳೆದವರಿಗೇ ಕರಿಗುಡ್ಡ ಪ್ರಾಣವಲ್ಲ. ಅಲ್ಲಿನ ನಾಯಿಗಳೂ ಸಂದು ಸಿಕ್ಕರೆ ರಾಯಚೂರಿನ ಬಸ್ಸು ಹತ್ತುತ್ತವೆ. ಇವನಿಗೆ ಪ್ರಾಣವಂತೆ!

"ಏನದನೋ ತಮ್ಮ ಅಲ್ಲಿ ಅಂಥಾದ್ದು?"

"ಆ ಗಾಳಿ ಮೇಡಂ. ಆ ನೀರು. ಆ ಜನರ ಮುಗ್ಧತೆ."

"ಎಂದರ ಹೋಗೀಯೇನು?"

"ಇಲ್ಲ ಮೇಡಂ. ಆದ್ರೆ ಮನಸ್ಸಲ್ಲಿ ದಿನಾ ಹೋಗ್ತೀನಿ."

ಹುಡುಗನ ಹೆಸರು ತನ್ಮಯ. ಪೆಟ್ಟಿಗೆ ಅವನಿಗೆ ನೂರಕ್ಕೆ ತೊಂಬತ್ತಮೂರು ಕೊಟ್ಟಿತು. ಪಕ್ಕದಲ್ಲಿ ಕೂತಿದ್ದ ವಿಜ್ಞಾನಿ ವಿಶ್ರುತ ಬಾಯರಿ ಆ ಅಂಕಿ ನೋಡಿ, ಹೆರಿಗೆ ತಾನೇ ಮಾಡಿಸಿದವನ ಹಾಗೆ ಬೀಗಿದ. ನೀಲಾಂಬಿಕಾಗೆ ಇಬ್ಬರ ಕಪಾಳಕ್ಕೂ ಒಂದೊಂದು ಬಿಡೋಣವೆನಿಸಿತು.

ಇದು ಬೆಂಗಳೂರಿನ ಆಯ್ಕೆ ಭವನ. ಎಂಬಿಬಿಎಸ್ ಮುಗಿಸಿ ತಜ್ಞರಾಗಲು ಹೊರಟ ಡಾಕ್ಟರುಗಳನ್ನು ಯಾವ ಊರಿನ ಆಸ್ಪತ್ರೆಗೆ ತರಬೇತಿಗೆ ಹಾಕಬೇಕೆಂದು ಇಲ್ಲಿ ಸಂದರ್ಶನ ಮಾಡಿ ತೀರ್ಮಾನಿಸುತ್ತಾರೆ. ಹಿಂದೆ ಈ ಸಂದರ್ಶನ ಒಂದು ಒಳ್ಳೆಯ ನಾಟಕವಾಗಿತ್ತು. "ನಮ್ಮ ಊರೇ ಯಾಕೆ ಬೇಕು?" ಎಂದು ಇವರು ಕೇಳುವುದು, "ಸೇವೆ ಮಾಡೋ ಆಸೆ ಸಾರ್" ಎಂದು ಅವರು ಹೇಳುವುದು, ಇಬ್ಬರೂ ತಲೆಯಾಡಿಸಿ ಚಹಾ ಕುಡಿಯುವುದು. ಆರು ತಿಂಗಳಾಗುವುದರೊಳಗೆ ಸೇವೆಯ ಆಸೆಯವರು ಗಂಟುಮೂಟೆ ಕಟ್ಟಿ ಪರಾರಿ. ಇದಕ್ಕೆ ಮದ್ದು ಅಂತ ಬಂದದ್ದೇ ನೆಲೆಮಾಪಕ.

ನೆಲೆಮಾಪಕದ ಕೆಲಸ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಸಂದರ್ಶನದ ಕೋಣೆಗೆ ಅಂಟಿಕೊಂಡು ಒಂದು ಸಣ್ಣ ಗೂಡು. ಅದರೊಳಗೆ ಅಭ್ಯರ್ಥಿಯನ್ನು ಕೂರಿಸಿ ಆ ಊರಿನಷ್ಟೇ ಸೆಕೆ ಬಿಡುತ್ತಾರೆ, ಆ ಊರಿನ ಧೂಳಿನ ವಾಸನೆ ಬಿಡುತ್ತಾರೆ, ಬಸ್‌ಸ್ಟ್ಯಾಂಡಿನ ಮತ್ತು ಆಸ್ಪತ್ರೆಯ ಸದ್ದು ಹಾಕುತ್ತಾರೆ, ಆ ಊರಿನ ಒಂದು ಲೋಟ ನೀರು ಕುಡಿಸುತ್ತಾರೆ. ಅನ್ಯ ಜಾಗದಲ್ಲಿ ಮನುಷ್ಯನ ಮಿದುಳಿನ ಒಂದು ಮೂಲೆ ಬಿಗಿಯುತ್ತದೆ, ಸ್ವಂತ ಮನೆಯಲ್ಲಿ ಸಡಿಲಾಗುತ್ತದೆ. ಹಣೆಗೆ ಕಟ್ಟಿ, ಸಂದರ್ಶನ ಮುಗಿಯುವ ತನಕ ಬಿಚ್ಚದ ಪಟ್ಟಿ ಅದನ್ನು ಅಳೆಯುತ್ತದೆ. ಸಡಿಲಾದರೆ ಹಸಿರು, ಬಿಗಿದರೆ ಕೆಂಪು. "ಬಾಯಿ ಸುಳ್ಳು ಹೇಳ್ತದೆ, ದೇಹ ಹೇಳುವುದಿಲ್ಲ," ಎನ್ನುವುದು ಬಾಯರಿಯ ಪಲ್ಲವಿ.

ದೇಹ ಸುಳ್ಳು ಹೇಳುವುದಿಲ್ಲ, ಸರಿ. ಕಲಿಸಿದರೆ ಹೇಳುತ್ತದೆ! ನೆಲೆಮಾಪಕ ಬಂದ ಮರುವರ್ಷವೇ ಬೆಂಗಳೂರಿನ ವಿಜಯನಗರದಲ್ಲಿ ಊರೊಲವಿನ ಕೋಚಿಂಗ್ ಶುರುವಾಯಿತು. ಕರಿಗುಡ್ಡ ಬೇಕೆಂದವರಿಗೆ ಟ್ಯಾಂಕರಿನಲ್ಲಿ ಕರಿಗುಡ್ಡದ ಸವಳು ನೀರು ತರಿಸಿ ದಿನಾ ಕುಡಿಸುತ್ತಾರೆ, ಅಲ್ಲಿನ ಬಸ್‌ಸ್ಟ್ಯಾಂಡಿನ ಗಲಾಟೆ ಕೇಳಿಸುತ್ತ ಮಲಗಿಸುತ್ತಾರೆ, ಬಿಸಿಗಾಳಿ ಬಿಟ್ಟು ಅದರಲ್ಲೇ ಐಸ್‌ಕ್ರೀಮ್ ತಿನ್ನಿಸುತ್ತಾರೆ. ಎರಡು ತಿಂಗಳಿಗೆ ದೇಹ ಒಗ್ಗಿ, ಗೂಡಿನಲ್ಲಿ ಕೂತ ಕೂಡಲೇ ತೂಕಡಿಕೆ ಬರುತ್ತದೆ. ದೂರದ ಊರಿನಲ್ಲಿ ಪೈಪೋಟಿ ಕಡಿಮೆ, ತಜ್ಞನಾಗುವ ಸೀಟು ಬೇಗ ಸಿಗುತ್ತದೆ. ಸಿಕ್ಕಿದ ಮೇಲೆ ವರ್ಗ ಮಾಡಿಸಿಕೊಳ್ಳುವುದಕ್ಕೆ ಮಾವಂದಿರಿಲ್ಲವೇ!

ಹೀಗೆ ಹಸಿರು ದೀಪ ಹೊತ್ತಿಸಿಕೊಂಡು ಕರಿಗುಡ್ಡಕ್ಕೆ ಮೂವರು ಬಂದಿದ್ದರು, ಮೂವರೂ ಓಡಿದ್ದರು. ಇಡೀ ತಾಲೂಕಿಗೆ ಅರಿವಳಿಕೆ ಕೊಡುವ ಡಾಕ್ಟರೆಂದರೆ ನೀಲಾಂಬಿಕಾ ಒಬ್ಬರೇ. ಮೇ ತಿಂಗಳಿಗೆ ಅವರ ನಿವೃತ್ತಿ. ಈ ಸಲ ಬಂದವರೂ ಓಡಿದರೆ ತರಬೇತಿಯ ಸೀಟು ರದ್ದು, ಆಪರೇಷನ್ ಥಿಯೇಟರಿಗೆ ಬೀಗ ಎಂದು ಇಲಾಖೆ ಹೇಳಿಬಿಟ್ಟಿತ್ತು. ಆಮೇಲೆ ಕೂಸು ಅಡ್ಡ ತಿರುಗಿದ ಬಸುರಿಯರೆಲ್ಲ ಆಂಬ್ಯುಲೆನ್ಸಿನಲ್ಲಿ ರಾಯಚೂರಿನ ಹಾದಿ ಹಿಡಿಯಬೇಕು. ಆ ಹಾದಿಯಲ್ಲಿ ಏನೇನಾಗುತ್ತದೆಂದು ನೀಲಾಂಬಿಕಾಗೆ ಗೊತ್ತಿತ್ತು. ಅವರಿಗೆ ಬೇಕಿದ್ದದ್ದು ಒಂದೇ. ನಿಲ್ಲುವ ಒಬ್ಬ ಡಾಕ್ಟರು ಸಿಗಬೇಕು, ತಾವು ನಿಶ್ಚಿಂತೆಯಿಂದ ಗಂಡನ ಜೊತೆ ಧಾರವಾಡಕ್ಕೆ ಹೋಗಿ ಸಾಧನಕೇರಿಯ ಹೊಸ ಮನೆಯಲ್ಲಿ ಕಾಲು ಚಾಚಿ ಮಲಗಬೇಕು.

ಸಂಜೆ ಅತಿಥಿಗೃಹಕ್ಕೆ ಹೋಗುವಾಗ ಬಾಯರಿಯನ್ನೂ ಎಳೆದುಕೊಂಡು ಹೋದರು. ಬೈಯುವುದಕ್ಕೆ ಎದುರಿಗೊಬ್ಬ ಮನುಷ್ಯ ಬೇಕಿತ್ತು. ಅವರ ಗಂಡ ಅಮರಗುಂಡಪ್ಪ ನಿವೃತ್ತ ಹೆಡ್‌ಮಾಸ್ತರು. ಹೆಂಡತಿಗೆ ಬೆಂಗಳೂರಿನ ಊಟ ಒಗ್ಗುವುದಿಲ್ಲವೆಂದು ಊರಿನಿಂದ ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ ಪಲ್ಯ, ಗಟ್ಟಿ ಮೊಸರು ಎಲ್ಲ ಹೊತ್ತು ತಂದಿದ್ದರು.

"ಸಿಕ್ಕರೇನು ಯಾರರ?" ಎಂದು ಅವರು ಬಾಗಿಲಲ್ಲೇ ಕೇಳಿದರು.

"ಸಿಕ್ಕಾರಲ್ಲ, ಬೇಕಾದಷ್ಟು! ಒಬ್ಬಾವ ಮನಸಿನ್ಯಾಗ ದಿನಾ ಕರಿಗುಡ್ಡಕ್ಕ ಬರ್ತಾನಂತ. ಬಸ್ ಚಾರ್ಜೂ ಉಳೀತು."

ಬಾಯರಿಗೆ ರೊಟ್ಟಿ ಬಡಿಸಿದರು. ಪಾಪ, ಹುಡುಗ ಬೆಳಗಿನಿಂದ ಬಿಸ್ಕತ್ತಿನ ಮೇಲಿದ್ದ. ಎಣಗಾಯಿಯ ರುಚಿ ಹತ್ತಿದ್ದೇ ಮಾತು ನಿಂತು ಹೋಯಿತು. ಮೂರು ರೊಟ್ಟಿ ಮುಗಿಸಿ, ಮೊಸರು ಕುಡಿದು, ಗೋಡೆಗೆ ಒರಗಿ ಕೂತ. ಕಣ್ಣು ಎಳೆಯತೊಡಗಿತು.

"ಅಲ್ರೀ, ನಿಮ್ಮ ಈ ಯಂತ್ರಕ್ಕ ಯಾರು ಕಲಿಸ್ಯಾರ, ಊರಿಗೆ ಹೊಂದಿದ ಮನುಷ್ಯಾ ಅಂದ್ರ ಹಿಂಗ ಇರ್ತಾನ ಅಂತ?" ಅಮರಗುಂಡಪ್ಪ ಸಹಜವಾಗಿ ಕೇಳಿದರು. ಮಾಸ್ತರಿಕೆ ಬಿಟ್ಟರೂ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ.

ಬಾಯರಿ ಹುರುಪಿನಿಂದ ಎದ್ದು ಕೂತ. "ಅದಕ್ಕೆ ನಾವು ತುಂಬ ಕಷ್ಟ ಪಟ್ಟಿದ್ದೇವೆ ಸಾರ್. ಹಳ್ಳಿಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ನಿಂತ ಡಾಕ್ಟರುಗಳನ್ನು ಹುಡುಕಿ, ಅವರ ಮನೆಗೇ ಹೋಗಿ ಪಟ್ಟಿ ಕಟ್ಟಿ ಅಳೆದದ್ದು. ಅವರದ್ದೇ ಮಾದರಿ."

"ಯಾವಾಗ ಅಳದ್ರಿ?"

"ಭಾನುವಾರ. ವಾರದ ದಿನ ಅವರಿಗೆ ಪುರುಸೊತ್ತು ಎಲ್ಲಿ ಉಂಟು? ಭಾನುವಾರ ಮಧ್ಯಾಹ್ನ ಹೋಗ್ತಿದ್ದೆವು."

"ಊಟಾದ ಮ್ಯಾಲ?"

"ಹೌದು ಸಾರ್. ನಮ್ಮನ್ನು ಜೊತೆಗೆ ಕೂರಿಸಿ ಊಟ ಮಾಡದೆ ಅವರು ಬಿಡ್ತಿರಲಿಲ್ಲ. ಹೋಳಿಗೆ, ತುಪ್ಪ..." ಬಾಯರಿಯ ಮಾತು ಅಲ್ಲಿಗೆ ನಿಂತಿತು. ಅವನು ತನ್ನ ಖಾಲಿ ತಟ್ಟೆ ನೋಡಿದ, ಗೋಡೆಗೆ ಒರಗಿದ್ದ ತನ್ನ ಬೆನ್ನು ನೆನಪಾಯಿತು. ಮುಖದ ಬಣ್ಣ ಇಳಿಯಿತು.

ನೀಲಾಂಬಿಕಾ ನಕ್ಕರು. ನಕ್ಕು ನಕ್ಕು ನೆತ್ತಿಗೇರಿ ಕೆಮ್ಮಿದರು, ನೀರು ಕುಡಿದು ಮತ್ತೆ ನಕ್ಕರು. "ಅಯ್ಯ ನಿಮ್ಮ! ಹೋಳಿಗಿ ತಿಂದು ಜೋಂಪು ಹತ್ತಿದವರ ತಲಿ ಅಳದು ಅದಕ್ಕ ಊರಿನ ಮ್ಯಾಲಿನ ಪ್ರೀತಿ ಅಂತ ಹೆಸರಿಟ್ಟೀರಿ! ನನ್ನ ಕಡೆನೂ ಬಂದಿದ್ರಿ ನೀವು. ಥಿಯೇಟರ್‌ನ್ಯಾಗ ಅದೀನಿ, ಹೋಗ್ರಿ ಅಂತ ಕಳಿಸಿದ್ದೆ."

"ಹೌದು ಮೇಡಂ. ಪುರುಸೊತ್ತಿಲ್ಲ ಅಂದವರನ್ನೆಲ್ಲ ನಾವು ಬಿಟ್ಟುಬಿಟ್ಟೆವು."

"ಪುರುಸೊತ್ತಿಲ್ಲದವರನ್ನೆಲ್ಲ ಬಿಟ್ಟೀರಿ, ಪುರುಸೊತ್ತಿದ್ದವರನ್ನ ಅಳದೀರಿ. ಶಾಣ್ಯಾರು ನೀವು."

ಬಾಯರಿ ಕೈ ತೊಳೆದು ತಲೆ ತಗ್ಗಿಸಿ ಹೋದ. ನೀಲಾಂಬಿಕಾ ಮಾತ್ರ ಬಹಳ ಖುಷಿಯಲ್ಲಿದ್ದರು. ಹಸಿರು ದೀಪ ಬರೀ ಹೊಟ್ಟೆ ತುಂಬಿದವರ ದೀಪವಾದರೆ, ನಿಲ್ಲುವವರು ಕೆಂಪಿನಲ್ಲೇ ಇರಬೇಕು ಎಂದು ಅವರಿಗೆ ಹೊಳೆಯಿತು. ತಮ್ಮನ್ನೇ ನೋಡಿಕೊಂಡರು. ಕರಿಗುಡ್ಡದ ನೀರಿಗೆ ಬೈದು, ಕರೆಂಟಿಗೆ ಬೈದು, ಎಂಎಲ್ಎಗೆ ಬೈದು, ಬೈಯುತ್ತ ಬೈಯುತ್ತಲೇ ಆಯುಷ್ಯ ಕಳೆದರು, ಊರು ಮಾತ್ರ ಬಿಡಲಿಲ್ಲ. ಹಾಗಾದರೆ ಬೈಯುವವರೇ ನಿಲ್ಲುವವರು! ಕಾರಣ ಬರೆದು ಕೆಂಪು ದೀಪದವರನ್ನು ಆರಿಸುವ ವಿಶೇಷಾಧಿಕಾರ ಸಂದರ್ಶನದ ಅಧ್ಯಕ್ಷರಾದ ಅವರಿಗೆ ಇತ್ತು. ನಾಳೆ ಅದನ್ನು ಬಳಸುತ್ತೇನೆಂದು ಗಂಡನಿಗೆ ಹೇಳಿದರು.

"ಯಾರನ್ನರ ತೊಗೊ. ಮೇ ತಿಂಗಳಿಗೆ ನಾ ಲಾರಿ ಹೇಳೀನಿ," ಎಂದರು ಅಮರಗುಂಡಪ್ಪ.

ಮರುದಿನ ಬಂದವಳು ಡಾಕ್ಟರ್ ಲವೀನಾ ಕ್ರಾಸ್ತಾ. ಬೆಳ್ತಂಗಡಿ ಕಡೆಯ ಹುಡುಗಿ. ಗೂಡಿನಿಂದ ಹೊರಗೆ ಬರುವಾಗಲೇ ಪೆಟ್ಟಿಗೆ ಕೆಂಪಗೆ ಉರಿಯುತ್ತಿತ್ತು. ನೂರಕ್ಕೆ ಹನ್ನೊಂದು.

"ಕುಂದ್ರವ್ವಾ. ಕರಿಗುಡ್ಡ ಬೇಕಂತೀಯೇನು?"

"ಇಲ್ಲ ಮೇಡಂ. ಅರ್ಜಿಯಲ್ಲಿ ಹತ್ತು ಊರು ತುಂಬಿಸ್ಲೇಬೇಕು ಅಂತ ಉಂಟಲ್ಲ, ಹಾಗಾಗಿ ಕೊನೆಗೆ ಹಾಕಿದ್ದು. ನನಗೆ ಮಂಗಳೂರು ಬೇಕು."

"ಯಾಕ, ಕರಿಗುಡ್ಡಕ್ಕ ಏನಾಗ್ಯದ?"

ಕೇಳಿದ್ದೇ ತಪ್ಪಾಯಿತು. ಹುಡುಗಿ ಶುರು ಮಾಡಿದಳು. ಕಡ್ಡಾಯ ಗ್ರಾಮೀಣ ಸೇವೆಗೆ ಅವಳನ್ನು ಹಾಕಿದ್ದು ಕರಿಗುಡ್ಡದ ಪಕ್ಕದ ಹಳ್ಳಿಗೇ. ಅಲ್ಲಿಂದ ಬಸುರಿಯರನ್ನು ಕರೆದುಕೊಂಡು ನೀಲಾಂಬಿಕಾರ ಆಸ್ಪತ್ರೆಗೆ ಎಷ್ಟೋ ಸಲ ಬಂದಿದ್ದಳಂತೆ. ಹೆರಿಗೆ ವಾರ್ಡಿನಿಂದ ಥಿಯೇಟರಿಗೆ ಹೋಗುವ ದಾರಿಯಲ್ಲಿ ಮೂರು ಮೆಟ್ಟಿಲು ಕಟ್ಟಿದವನು ಯಾವ ಮನುಷ್ಯ? ಸ್ಟ್ರೆಚರ್ ಹಾರಿಸಿಕೊಂಡು ಹೋಗುವುದಾ? ಆಕ್ಸಿಜನ್ ಸಿಲಿಂಡರಿನ ಕೀಲಿ ವಾಚ್‌ಮನ್ ಕಿಸೆಯಲ್ಲಿ, ವಾಚ್‌ಮನ್ ಚಹಾದಂಗಡಿಯಲ್ಲಿ! ಜನರೇಟರ್ ಇದೆ, ಡೀಸೆಲ್ ಇಲ್ಲ. ಡೀಸೆಲ್ ಬಂದ ದಿನ ಜನರೇಟರ್ ಕೆಟ್ಟಿರುತ್ತದೆ.

"ಎಂಥ ಆಸ್ಪತ್ರೆ ಮೇಡಂ ಅದು, ಮಾರಾಯ್ರೆ!"

ನೀಲಾಂಬಿಕಾರ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಸಿಕ್ಕಳು! ತಮ್ಮದೇ ಬಾಯಿ, ತಮ್ಮದೇ ಸಿಟ್ಟು. "ಬರೀರಿ ಬಾಯರಿ ಅವರ," ಎಂದರು. "ನನ್ನ ವಿಶೇಷಾಧಿಕಾರ ಇಕೀಗೆ. ಇಷ್ಟು ಬೈತಾಳಂದ್ರ ಇಕೀಗೆ ಆ ಊರು ಮೈಗೆ ಹತ್ಯದ. ತನ್ನದಲ್ಲದ್ದಕ್ಕ ಯಾರೂ ಹಿಂಗ ಬೈಯೂದಿಲ್ಲ. ಇಕಿ ನಿಲ್ತಾಳ."

ಲವೀನಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಬೈದದ್ದೆಲ್ಲ ಪ್ರೀತಿ ಅಂತ ನಿಮಗೆ ಯಾರು ಹೇಳಿದ್ದು ಮೇಡಂ? ನನಗೆ ನಿಜವಾಗಿಯೂ ಬೇಡ. ನೀವು ಹಾಕಿದ್ರೆ ನಾನು ಸೀಟು ಬಿಡ್ತೇನೆ. ಆ ಯಂತ್ರ ತಪ್ಪು ಹೇಳ್ತದೆ ಅಂತ ನಿಮಗೆ ನಗು. ನೀವು ಮಾಡುವುದೂ ಅದೇ ಅಲ್ವಾ? ಹಸಿರು ನೋಡುವ ಬದಲು ಕೆಂಪು ನೋಡ್ತೀರಿ, ಅಷ್ಟೆ. ನನ್ನನ್ನು ಕೇಳಿದ್ದು ಯಾರು?"

ನೀಲಾಂಬಿಕಾರಿಗೆ ಹೀಗೆ ಎದುರಾಡಿದವರನ್ನು ಬಾಯರಿ ಕಂಡಿರಲಿಲ್ಲ.

"ಹಂಗಾದ್ರ ಹೇಳು," ಎಂದರು ನೀಲಾಂಬಿಕಾ. ಅವರ ಕಿವಿ ಕೆಂಪಾಗಿತ್ತು. "ಯಾಕ ಬ್ಯಾಡ? ಮೆಟ್ಟಿಲು, ಕೀಲಿ, ಡೀಸೆಲ್ ಎಲ್ಲಾ ಬಿಡು, ಅವೇನು ಸರಿ ಮಾಡಬಹುದು. ಖರೇ ಕಾರಣ ಹೇಳು."

ಲವೀನಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ನಿಮಗೆ ನನ್ನ ನೆನಪಿಲ್ಲ. ಒಂದು ಸಂಜೆ ನಾನು ಒಬ್ಬಳು ಬಸುರಿಯನ್ನು ತಂದಿದ್ದೆ. ಒಳಗೆ ಇನ್ನೊಬ್ಬಳು ಆಗಲೇ ಟೇಬಲ್ ಮೇಲಿದ್ದಳು. ನೀವು ಇವಳಿಗೆ ಅರಿವಳಿಕೆ ಕೊಟ್ಟು ಆಚೆ ಓಡುವುದು, ಅವಳ ಉಸಿರು ನೋಡಿ ಈಚೆ ಓಡುವುದು. ಬಾಗಿಲಲ್ಲಿ ನಿಂತಿದ್ದ ನನಗೆ ಬಾಯಿಗೆ ಬಂದ ಹಾಗೆ ಬೈದ್ರಿ. ಇಬ್ಬರೂ ಬದುಕಿದ್ರು. ಮರುತಿಂಗಳು ನಿಮಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ರು. ಒಬ್ಬರೇ ಇಡೀ ತಾಲೂಕು ಎಳೀತಾರೆ ಅಂತ ಭಾಷಣ. ಎಲ್ಲ ಚಪ್ಪಾಳೆ ತಟ್ಟಿದ್ರು. ನನಗೆ ಅದು ನೋಡಿ ಹೆದರಿಕೆ ಆಯ್ತು ಮೇಡಂ. ಒಬ್ಬಳೇ ಅಷ್ಟು ಓಡಿದ ಮೇಲೆ ಒಂದಿನ ಟೇಬಲ್ ಮೇಲಿನವಳು ಒಬ್ಬಳು ಸತ್ತೇ ಸಾಯ್ತಾಳೆ. ಆ ದಿನ ಭಾಷಣ ಮಾಡಿದವರು ಯಾರೂ ಇರುದಿಲ್ಲ. ನನಗೆ ನಿಮ್ಮ ಹಾಗೆ ಆಗ್ಲಿಕ್ಕೆ ಬೇಡ."

ಒಬ್ಬಳು ಸತ್ತಿದ್ದಳು. ಅದು ಈ ಹುಡುಗಿ ಬರುವುದಕ್ಕಿಂತ ಎಷ್ಟೋ ಮೊದಲು. ನೀಲಾಂಬಿಕಾ ಅದನ್ನು ಯಾರಿಗೂ ಬಿಡಿಸಿ ಹೇಳಿದವರಲ್ಲ, ಈಗಲೂ ಹೇಳಲಿಲ್ಲ.

"ಏನಿದ್ರ ಬರ್ತೀ?" ಎಂದು ಕೇಳಿದರು.

"ಇಬ್ಬರಿದ್ರೆ ಬರ್ತೇನೆ."

"ಇನ್ನೊಬ್ಬರನ್ನ ಎಲ್ಲಿಂದ ತರಲಿ ನಾ?"

"ನೀವಿದ್ದೀರಲ್ಲ," ಎಂದಳು ಲವೀನಾ. "ನನ್ನ ತರಬೇತಿ ಮುಗಿಯುವವರೆಗೆ ನೀವು ಇದ್ರೆ ಬರ್ತೇನೆ. ಮುಗಿಯುವಾಗ ಮತ್ತೊಬ್ಬರು ಸೇರಿರ್ತಾರೆ, ಆಗ ಪುನಃ ಇಬ್ಬರು. ಮೂರು ವರ್ಷ ಮೇಡಂ. ನೀವು ಹೋಗುದಾದ್ರೆ ನಾನೂ ಬರುದಿಲ್ಲ."

ನೀಲಾಂಬಿಕಾ ಎದ್ದು ಹೊರಗೆ ಬಂದರು. ವರಾಂಡದ ತುದಿಯಲ್ಲಿ ನಿಂತು ಗಂಡನಿಗೆ ಫೋನು ಹಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ರೀ, ಅದೀರೇನು?"

"ಅದೀನಿ. ಎಲ್ಲಿ ಹೋಗ್ಲಿ? ಇಷ್ಟು ವರ್ಷ ಅಲ್ಲೇ ಅದೀನಲ್ಲ." ಅಮರಗುಂಡಪ್ಪ ದನಿಯೇರಿಸುವವರಲ್ಲ. ಈಗಲೂ ಏರಿಸಲಿಲ್ಲ. "ನಿನ್ನ ಕೂಡ ಒಂದಿನ ಕುಂತು ಬಿಸಿ ರೊಟ್ಟಿ ತಿಂದಿಲ್ಲ ನಾ. ಕೈ ತೊಳಕೋತಿದ್ದಿ, ಫೋನ್ ಬರ್ತಿತ್ತು, ಎದ್ದು ಓಡ್ತಿದ್ದಿ. ನಾ ಏನರ ಅಂದೀನೇನು? ಮೇ ತಿಂಗಳು, ಮೇ ತಿಂಗಳು ಅಂತ ದಿನಾ ತಳ್ಳೀನಿ. ಈಗ ಮತ್ತ ಮೂರು ವರ್ಷ ಅಂತೀಯಲ್ಲ, ನಂದೂ ವಯಸ್ಸು ಆಗ್ಯದ ಅನ್ನೂದು ನಿನಗ ಗೊತ್ತದೇನು?"

"ಗೊತ್ತದ."

"ಗೊತ್ತಿದ್ದೂ ಕೇಳ್ತಿ."

"ಕೇಳ್ಲಿಕತ್ತಿಲ್ಲರೀ. ಹೇಳ್ಲಿಕತ್ತೀನಿ."

"ಹಂಗಾದ್ರ ನಾನೂ ಹೇಳ್ತೀನಿ ಕೇಳು. ಲಾರಿ ಬರ್ತದ, ನಾ ಧಾರವಾಡಕ್ಕ ಹೋಗ್ತೀನಿ. ನೀ ಯಾವಾಗ ಬರ್ತಿ ಬಾ." ಫೋನು ಕಟ್ಟಾಯಿತು.

ನೀಲಾಂಬಿಕಾಗೆ ಅಳು ಬಂತು. ವರಾಂಡದಲ್ಲಿ ಕೋಚಿಂಗಿನ ಹುಡುಗರು ಸಾಲಾಗಿ ಕೂತು ಕಣ್ಣು ಮುಚ್ಚಿ ತಮ್ಮ ತಮ್ಮ ಊರಿನ ಪ್ರೀತಿಯನ್ನು ಅಭ್ಯಾಸ ಮಾಡುತ್ತಿದ್ದರು. ಅವರ ಎದುರು ಅಳುವುದಕ್ಕಿಂತ ಸಾಯುವುದು ಲೇಸೆಂದುಕೊಂಡು ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋದರು.

"ನನ್ನ ಸೇವಾ ಅವಧಿ ವಿಸ್ತರಣೆ ಬರೀರಿ," ಎಂದರು ಬಾಯರಿಗೆ. "ಮೂರು ವರ್ಷ."

ಬಾಯರಿ ಕುರ್ಚಿಯಲ್ಲಿ ಮಿಸುಕಾಡಿದ. "ಬರೀಬಹುದು ಮೇಡಂ. ಆದ್ರೆ ವಿಸ್ತರಣೆ ಕೇಳುವವರನ್ನೂ ನೆಲೆಮಾಪಕದಲ್ಲಿ ಕೂರಿಸಬೇಕು ಅಂತ ಹೊಸ ನಿಯಮ ಉಂಟು. ಸುಮ್ಮನೆ ಒಂದು ಹತ್ತು ನಿಮಿಷ. ನಿಮಗೆಂತ ಹೆದರಿಕೆ, ಇಷ್ಟು ವರ್ಷ ನಿಂತವರು ನೀವು."

"ಇದೊಂದು ಬಾಕಿ ಇತ್ತು ನೋಡು," ಎಂದು ಗೊಣಗುತ್ತ ಅವರು ಗೂಡಿಗೆ ಹೋಗಿ ಕೂತರು. ಪಟ್ಟಿ ಕಟ್ಟಿದರು. ಬಿಸಿಗಾಳಿ ಬಂತು. ಧೂಳಿನ ವಾಸನೆ ಬಂತು. ಸವಳು ನೀರು ಕುಡಿದು ಮುಖ ಕಿವಿಚಿದರು. ಬಸ್‌ಸ್ಟ್ಯಾಂಡಿನ ಕೂಗಾಟ ಮುಗಿದು ಆಸ್ಪತ್ರೆಯ ಸದ್ದು ಶುರುವಾಯಿತು. ಎಲ್ಲೋ ದೂರದಿಂದ ಆಂಬ್ಯುಲೆನ್ಸಿನ ಸೈರನ್ನು ಹತ್ತಿರ ಹತ್ತಿರ ಬಂತು. ನೀಲಾಂಬಿಕಾ ತಮಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದರು. ಕೈ ಕೈಗವಸು ಹುಡುಕುತ್ತಿತ್ತು. ಪಟ್ಟಿ ಕಿತ್ತು ನೆಲಕ್ಕೆ ಬಿದ್ದಿತ್ತು.

ಹೊರಗೆ ಬಂದಾಗ ಪೆಟ್ಟಿಗೆಯ ಮೇಲೆ ಕೆಂಪು. ನೂರಕ್ಕೆ ನಾಲ್ಕು.

"ನನಗಿಂತ ಕಡಿಮೆ," ಎಂದಳು ಲವೀನಾ. ನಗಲಿಲ್ಲ.

ಬಾಯರಿ ಇಬ್ಬರ ಮಿದುಳಿನ ಬಿಗಿತ ತೋರಿಸುವ ಗೆರೆಗಳನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಹಾಕಿ ಬಗ್ಗಿ ನೋಡುತ್ತಿದ್ದ. ಬಿಸಿಗಾಳಿಗೆ, ಧೂಳಿಗೆ, ನೀರಿಗೆ ಎರಡೂ ಅಷ್ಟಾಗಿ ಏರಿರಲಿಲ್ಲ. ಸೈರನ್ನು ಬಂದ ಕಡೆ ಎರಡೂ ನೆಟ್ಟಗೆ ಮೇಲಕ್ಕೆ ಹಾರಿದ್ದವು.

"ತನ್ಮಯ ಅನ್ನುವವನದ್ದು ಇಲ್ಲಿ ಸಪಾಟಾಗಿತ್ತು," ಎಂದ ಅವನು ಮೆಲ್ಲಗೆ. "ಅವನಿಗೆ ಅದು ಬರೀ ಸದ್ದು. ಅಲ್ಲಿ ಕೆಲಸ ಮಾಡಿದವರಿಗೆ ಏಳಲೇಬೇಕು. ನಾನು ಸಪಾಟಾದವರನ್ನೇ ಆರಿಸಿ ಆರಿಸಿ ಕಳಿಸಿದ್ದೇನೆ ಮೇಡಂ, ಎಲ್ಲ ಊರಿಗೂ."

"ಈಗ ತಿಳೀತಲ್ಲ. ಬರೀರಿ."

"ಇಬ್ಬರಿಗೂ ಕೆಂಪು ಬಂದಿದೆ. ಆದ್ರೂ ಕಳಿಸಬೇಕಾದ್ರೆ ಕಾರಣ ಕೇಳ್ತಾರೆ." ಬಾಯರಿ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದ. "ಎಂಥ ಅಂತ ಬರೆಯಲಿ ಮೇಡಂ? ಊರಿನ ಮೇಲಿನ ಅಭಿಮಾನ ಅಂತ ಹಾಕಲಾ?"

ನೀಲಾಂಬಿಕಾ ಲವೀನಾಳ ಕಡೆ ನೋಡಿದರು. ಹುಡುಗಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು, ಮುಖದಲ್ಲಿ ಒಂದಿಷ್ಟೂ ಸಂತೋಷವಿರಲಿಲ್ಲ.

"ಅಭಿಮಾನ, ಮಣ್ಣು ಮಸಿ," ಎಂದರು ನೀಲಾಂಬಿಕಾ. "ಇಬ್ಬರಿಗೂ ಇಷ್ಟ ಇಲ್ಲ, ಆದ್ರೂ ಹೊಂಟಾರ ಅಂತ ಬರೀರಿ."